ಹಿತ್ತಲ ಹಕ್ಕಿಗಳ ಹಕ್ಕುಪತ್ರ

ಸ್ವೀಡನ್ನಿನ ಕಾರ್ಲ್ ಲಿನೇಯಸ್ ಹಕ್ಕಿಗಳನ್ನು ಕೊಕ್ಕು, ಕಾಲು ನೋಡಿ ವಿಂಗಡಿಸಿದ. ಹೂಗಳನ್ನು ಕೇಸರ ಎಣಿಸಿ ಬೇರೆ ಮಾಡಿದ. 1758ರಲ್ಲಿ ಗುಬ್ಬಚ್ಚಿಗೂ ಕೋಗಿಲೆಗೂ ಲ್ಯಾಟಿನ್ ಹೆಸರಿಟ್ಟ. ದೊಡ್ಡ ಕೆಲಸವೇ, ಅಲ್ಲಗಳೆಯುವುದಿಲ್ಲ. ಆದರೆ ಬೆಂಗಳೂರಿನ ಹೊರವಲಯದ ಮೂವತ್ತು-ನಲವತ್ತರ ಸೈಟಿಗೆ ಖಾತೆ ಮಾಡಿಸಲು ಆತ ಅಲೆದವನಲ್ಲ. ಅಲೆದಿದ್ದರೆ, ಇಲ್ಲಿ ಜೀವಿಗಳನ್ನು ವಿಂಗಡಿಸಬೇಕಾದ್ದು ಕೊಕ್ಕಿನಿಂದಲ್ಲ, ದಾಖಲೆಯಿಂದ ಎಂಬುದು ಹೊಳೆಯುತ್ತಿತ್ತು. ಆ ಲೋಪ ಸರಿಪಡಿಸಲು ಈ ಕಿರುಶಾಸ್ತ್ರ.

ಮೊದಲ ವರ್ಗ, ಸ್ವಯಾರ್ಜಿತ ಆಸ್ತಿಯವರು. ಒಣಕೊಂಬೆಯನ್ನು ತಾನೇ ಕುಟ್ಟಿ ಪೊಟರೆ ಕೊರೆಯುವ ಕುಟ್ರು ಹಕ್ಕಿ ಈ ವರ್ಗದ್ದು. ಆದರೆ ಅಗ್ರಸ್ಥಾನ ಟುವ್ವಿಗೆ. ಹೆಬ್ಬೆರಳಿಗಿಂತ ಸ್ವಲ್ಪವೇ ದೊಡ್ಡದಾದ ಈ ಹಕ್ಕಿ ಅಂಜೂರದಂಥ ಅಗಲ ಎಲೆಯೊಂದನ್ನು ಆರಿಸಿ, ಅಂಚಿನುದ್ದಕ್ಕೂ ಕೊಕ್ಕಿನಿಂದ ಸಣ್ಣ ತೂತು ಹಾಕಿ, ಜೇಡರ ಬಲೆಯ ಎಳೆಯನ್ನೋ ಹತ್ತಿಯನ್ನೋ ತೂರಿಸುತ್ತದೆ. ಆಚೆ ಬಂದ ಎಳೆಯ ತುದಿ ಉಬ್ಬಿಕೊಂಡು ತೂತಿನಲ್ಲೇ ಸಿಕ್ಕಿ ನಿಲ್ಲುತ್ತದೆ, ಗಂಟು ಬೇಕಿಲ್ಲ. ಎಲೆ ಗಿಡದಲ್ಲಿ ಹಸಿರಾಗಿಯೇ ಇರುವುದರಿಂದ ಬೆಕ್ಕಿಗೆ ಗೂಡು ಕಾಣುವುದಿಲ್ಲ, ಮನೆ ಯಜಮಾನರಿಗಂತೂ ಮೊದಲೇ ಕಾಣುವುದಿಲ್ಲ. 1974ರ ಭೂಸುಧಾರಣೆ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತಲ್ಲ, ಅದೇ ನ್ಯಾಯದಲ್ಲಿ ಹೊಲಿದವಳೇ ಎಲೆಯೊಡತಿ. ಒಡತಿ ಎಂದದ್ದು ಮರ್ಯಾದೆಗಲ್ಲ, ಹೊಲಿಯುವುದು ಹೆಣ್ಣೇ.

ಎರಡನೆಯದು ತಾತ್ಕಾಲಿಕ ಶೆಡ್ಡಿನವರು. ಸೂರಕ್ಕಿಯ ಗೂಡು ಬಳ್ಳಿಗೋ ಕೇಬಲ್ ತಂತಿಗೋ ನೇತುಬಿದ್ದ ಚೀಲ. ಜೇಡರ ಬಲೆ, ಒಣಹುಲ್ಲು, ತೊಗಟೆ ಚೂರು ಎಲ್ಲ ಸೇರಿ, ಗಾಳಿಗೆ ಸಿಕ್ಕಿಕೊಂಡ ಕಸದಂತೆ ಕಾಣುತ್ತದೆ. ಬಾಗಿಲ ಮೇಲೆ ಪುಟ್ಟದೊಂದು ಸಜ್ಜಾ ಕೂಡ ಉಂಟು. ಪ್ಲಾನ್ ಮಂಜೂರಾತಿ ಇಲ್ಲ, ಸೆಟ್‌ಬ್ಯಾಕ್ ಬಿಟ್ಟಿಲ್ಲ.

ಮೂರನೆಯದು ಸುಳ್ಳು ವಂಶವೃಕ್ಷದವರು: ಕೋಗಿಲೆ. ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ, ಕಾಗೆಯ ಮರಿಗಿಂತ ಮೊದಲೇ ಅದರ ಮರಿ ಹೊರಬಂದು ಬಾಯಿ ತೆರೆಯುತ್ತದೆ. ಇದಕ್ಕೆ ಪೂರ್ವನಿದರ್ಶನ ಬೇಕಾದವರು ಕಾಳಿದಾಸನ ಶಾಕುಂತಲ ನೋಡಬಹುದು. ದುಷ್ಯಂತ ತುಂಬಿದ ಸಭೆಯಲ್ಲಿ ಈ ಪ್ರಕರಣವನ್ನೇ ಉಲ್ಲೇಖಿಸಿ ಕೈಹಿಡಿದವಳನ್ನು ಹೀಯಾಳಿಸಿದ. ಕೋಗಿಲೆಯದ್ದು ತಪ್ಪಿರಬಹುದು, ದುಷ್ಯಂತನದ್ದು ಅದಕ್ಕಿಂತ ದೊಡ್ಡದು.

ಪಾರಿವಾಳಕ್ಕೆ ವರ್ಗವೇ ಬೇಡ, ಏಸಿ ಪೆಟ್ಟಿಗೆ ಇರುವಲ್ಲೆಲ್ಲ ಅದಿದೆ. ಗುಬ್ಬಚ್ಚಿಯದು ಇದಕ್ಕೆ ತದ್ವಿರುದ್ಧ: ಪಹಣಿಯಲ್ಲಿ ಹೆಸರುಂಟು, ಸ್ಥಳ ತನಿಖೆಯಲ್ಲಿ ಪತ್ತೆಯಿಲ್ಲ.

ಹೂಗಿಡಗಳ ಕಡತ ಪಕ್ಕದ ಖಾಲಿ ಸೈಟಿನಲ್ಲಿದೆ. ಬಡಾವಣೆಗೆ ಉಳಿದಿರುವ ಗೋಮಾಳ ಅದೊಂದೇ. ಅಲ್ಲಿ ತುಂಬೆಯದು ಪಿತ್ರಾರ್ಜಿತ ಹಕ್ಕು, ಶಿವನ ಸಾಕ್ಷಿಯೂ ಉಂಟು. ಉಳಿದವರೆಲ್ಲ ಅಕ್ರಮ-ಸಕ್ರಮದ ಅರ್ಜಿದಾರರು. ಅಮೆರಿಕ ಖಂಡದ ಲಂಟಾನವನ್ನು ಬ್ರಿಟಿಷರು ಅಂದಕ್ಕೆಂದು ತಂದರು. ಈಗ ಅದರ ದಲ್ಲಾಳಿ ಪಿಕಳಾರ, ಹಣ್ಣು ತಿಂದು ಸಿಕ್ಕ ಸಿಕ್ಕ ಕಾಂಪೌಂಡಿನ ಬುಡದಲ್ಲಿ ಬೀಜ ಉದುರಿಸಿ ಹೋಗುತ್ತದೆ. ಗಾಯಕ್ಕೆ ರಸ ಹಿಂಡುವ ಟ್ರೈಡ್ಯಾಕ್ಸ್ ಕೂಡ ಆ ಕಡೆಯದೇ, ಉಪಕಾರಿಯಾದ್ದರಿಂದ ಸಕ್ರಮವಾಯಿತು. ಪಾರ್ಥೇನಿಯಂ ಆಗಲಿಲ್ಲ. ಜನ ಅದನ್ನು ಕಾಂಗ್ರೆಸ್ ಗಿಡ ಎಂದು ಕರೆದರು, ಸರ್ಕಾರ 1980ರ ದಶಕದಲ್ಲಿ ಮೆಕ್ಸಿಕೋದ ಜೀರುಂಡೆ ತರಿಸಿ ಬೆಂಗಳೂರಿನಲ್ಲಿ ಬಿಟ್ಟಿತು. ಜೀರುಂಡೆ ಎಲೆ ತಿನ್ನುತ್ತಲೇ ಇದೆ, ಗಿಡ ಪ್ರತಿ ಮಳೆಗೂ ಹೊಸ ಅರ್ಜಿ ಹಾಕುತ್ತಲೇ ಇದೆ.

ಶಾಸ್ತ್ರದ ತಿರುಳು ಇಷ್ಟೇ. ಮೇಲೆ ಹೇಳಿದ ಒಡತಿಯೂ ಶೆಡ್ಡಿನವರೂ ಮರಿಗೆ ತಿನ್ನಿಸುವುದು ಈ ಗೋಮಾಳದ ಹುಳುಗಳನ್ನು, ಗೂಡು ಬಿಗಿಯುವುದು ಇಲ್ಲಿನ ಜೇಡರ ಬಲೆಯಿಂದ. ನಮ್ಮ ಕುಂಡದ ಕ್ರೋಟನ್ನು ಇದರಲ್ಲಿ ಯಾವುದಕ್ಕೂ ಉಪಯೋಗವಿಲ್ಲ. ಸೈಟಿಗೆ ಕಳೆನಾಶಕ ಹೊಡೆಸಿದ ವರ್ಷ ಹಿತ್ತಲಲ್ಲಿ ಗೂಡು ಹುಡುಕಿ ಪ್ರಯೋಜನವಿಲ್ಲ.

ಆದ್ದರಿಂದ ಸೈಟಿನ ಮಾಲೀಕರಲ್ಲಿ ವಿನಂತಿ: ಮನೆ ಕಟ್ಟುವ ತನಕ ಪಾರ್ಥೇನಿಯಂ ಕೀಳಿಸಿ, ತುಂಬೆ ಬಿಡಿ. ಒಣಕೊಂಬೆ ಯಾರ ತಲೆಯ ಮೇಲೂ ಬೀಳುವಂತಿಲ್ಲವಾದರೆ ಅದನ್ನೂ ಬಿಡಿ. ಈ ವರ್ಗೀಕರಣಕ್ಕೆ ತಕರಾರು ಇದ್ದವರು 30 ದಿನಗಳೊಳಗೆ ಸಲ್ಲಿಸಬಹುದು. ಸಾಕ್ಷಿಗೆ ತಮ್ಮ ಹಿತ್ತಲಿನ ಒಂದಾದರೂ ಹಕ್ಕಿಯ ಹೆಸರು ಹೇಳತಕ್ಕದ್ದು.