ಅರೆ ಕರೆಂಟು, ಪೂರ್ತಿ ಉಪ್ಪು

ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಇಂಜಿನ್ನು ತಾನಾಗಿ ಬಂದ್ ಆಗಿ, ಕ್ಲಚ್ ಒತ್ತಿದ ಕೂಡಲೇ ತಾನಾಗಿ ಚಾಲೂ ಆಗುವ ಗಾಡಿಯೊಂದು ಸಿಗ್ನಲ್ಲೇ ಇಲ್ಲದ ಮುರ್ಡೇಶ್ವರಕ್ಕೆ ಬಂದು ಸೇರಿದರೆ ಏನು ಮಾಡಬೇಕು? ಮಲ್ಲೇಶ್ವರದ ಭಾವ ಪೂರ್ತಿ ಕರೆಂಟಿನ ಕಾರು ಕೊಂಡು, ತನ್ನ ಅರೆ ಕರೆಂಟಿನ ಎಸ್‌ಯುವಿಯನ್ನು ನಮಗೆ ದಾಟಿಸಿದಾಗ ಆದದ್ದು ಇದೇ. ಬೆಂಗಳೂರಿನ ಕೆಂಪು ದೀಪಗಳಲ್ಲಿ ಪಳಗಿದ ಗಾಡಿ ಇಲ್ಲಿ ದನ ಅಡ್ಡ ಬಂದಲ್ಲಿ ಬಂದ್ ಆಯಿತು. ಬುಟ್ಟಿ ಹೊತ್ತವಳ ಹತ್ತಿರ ಬಂಗಡೆಯ ರೇಟು ಕೇಳುವಾಗ ಬಂದ್ ಆಯಿತು. ಶನಿವಾರ, ಭಾನುವಾರ ದೇವಸ್ಥಾನದ ದಾರಿಯಲ್ಲಿ ಪ್ರವಾಸಿಗರ ಬಸ್ಸುಗಳ ಹಿಂದೆ ಸಿಕ್ಕಿಕೊಂಡಾಗಲಂತೂ ಅದಕ್ಕೆ ಹಬ್ಬ. ನಮ್ಮ ಊರಿನವರು ಒಳ್ಳೆಯವರು. ಇಂಜಿನ್ನಿನ ಸದ್ದು ನಿಂತದ್ದೇ ಎಲ್ಲಿಂದಲೋ ಇಬ್ಬರು ಹುಡುಗರು ಓಡಿ ಬಂದು ಡಿಕ್ಕಿಗೆ ಕೈ ಹಚ್ಚಿ, "ಸೆಕೆಂಡ್ ಗೇರಿಗೆ ಹಾಕಿ ಮಾಸ್ತರೆ, ತಳ್ತೇವೆ" ಎನ್ನುತ್ತಿದ್ದರು. ಬೇಡವೆಂದರೆ ಕೇಳುವವರಲ್ಲ. ಎಷ್ಟೋ ಸಲ ಅವರ ಸಂತೋಷಕ್ಕೆ ತಳ್ಳಿಸಿಕೊಂಡೇ ಹೋಗಿದ್ದೇನೆ.

ಗಾಡಿಯ ಹಿಂದೆ 'ಹೈಬ್ರಿಡ್' ಎಂದು ಬೆಳ್ಳಿಬಣ್ಣದಲ್ಲಿ ಬರೆದದ್ದರಿಂದ ಇನ್ನೊಂದು ತೊಂದರೆ. "ರಾತ್ರಿ ಪ್ಲಗ್ ಎಲ್ಲಿ ಸಿಕ್ಕಿಸ್ತೀರಿ?" ಎಂದು ಕೇಳದ ನೆಂಟರಿಲ್ಲ. ಮಳೆಯಲ್ಲಿ ಮುಟ್ಟಿದರೆ ಶಾಕ್ ಹೊಡೆಯಬಹುದೆಂದು ಪಕ್ಕದ ಮನೆಯ ಅಜ್ಜಿ ಇಂದಿಗೂ ಬೇಲಿಯ ಬದಿಯಿಂದಲೇ ಹಾಯುತ್ತಾರೆ. ಇಂಜಿನ್ನನ್ನೂ ವಿದ್ಯುತ್ತನ್ನೂ ಒಂದೇ ಗಾಡಿಗೆ ಕಟ್ಟುವ ಯೋಚನೆ ಹೊಸದೇನಲ್ಲ. ಫರ್ಡಿನಂಡ್ ಪೋರ್ಷೆ 1900ರ ಹೊತ್ತಿಗೇ ಅದನ್ನು ಮಾಡಿ ತೋರಿಸಿದ್ದ. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಪ್ರಿಯಸ್ ಅದನ್ನು ಮನೆಮನೆಯ ಕಾರು ಮಾಡಿತು. ಅವು ನಿಜಕ್ಕೂ ಕರೆಂಟಿನ ಮೇಲೆ ಗಾಲಿ ಉರುಳಿಸುವ ಗಾಡಿಗಳು. ನಮ್ಮದು ಹಾಗಲ್ಲ. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಫೇಮ್ ಎಂಬ ಯೋಜನೆ ತಂದು, ಇಂಥ ಅರೆಬರೆ ಹೈಬ್ರಿಡ್ ಡೀಸೆಲ್ ಗಾಡಿಗಳಿಗೂ ಸುಮಾರು 13,000 ರೂಪಾಯಿ ರಿಯಾಯಿತಿ ಕೊಟ್ಟಿತು. ಮಾರುತಿಯ ಸಿಯಾಜ್, ಎರ್ಟಿಗಾ, 2016ರಲ್ಲಿ ಮಹೀಂದ್ರದ ಸ್ಕಾರ್ಪಿಯೊ ಎಂದು ಒಂದರ ಹಿಂದೊಂದು ಬಂದವು. 2017ರ ಏಪ್ರಿಲ್‌ನಲ್ಲಿ, ಇವುಗಳಲ್ಲಿ ಕರೆಂಟಿನ ಪಾಲು ಏನೇನೂ ಸಾಲದು ಎಂದು ಸರ್ಕಾರಕ್ಕೆ ಹೊಳೆದು ರಿಯಾಯಿತಿ ನಿಂತಿತು. 2020ರಲ್ಲಿ ಬಿಎಸ್-6 ನಿಯಮ ಬಂದದ್ದೇ ಇಂಥ ಹಲವು ಡೀಸೆಲ್ ಇಂಜಿನ್ನುಗಳ ಕಾಲವೂ ಮುಗಿಯಿತು. ಆ ಐದು ವರ್ಷದ ಫಸಲಿನಲ್ಲಿ ನಮ್ಮದೂ ಒಂದು. ಹಳೆ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ಅದರ ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಇಬ್ಬರೂ ಒಂದೇ ಊರಿನಲ್ಲಿ ಬಾಳಬೇಕು.

ಇದರಲ್ಲಿ ಹೈಬ್ರಿಡ್ ಎಂದರೆ ಒಟ್ಟಾರೆ ಇಷ್ಟೇ: ಮಾಮೂಲಿ ಗಾಡಿಯಲ್ಲಿ ಡೈನಮೋ ಇರುವ ಜಾಗದಲ್ಲಿ ಸ್ವಲ್ಪ ದಪ್ಪನೆಯ ಯಂತ್ರ, ಹೆಸರು ಐಎಸ್‌ಜಿ. ಇಂಜಿನ್ನು ಅದನ್ನು ಬೆಲ್ಟಿನಲ್ಲಿ ತಿರುಗಿಸಿದರೆ ಕರೆಂಟು ಹುಟ್ಟುತ್ತದೆ. ಬ್ಯಾಟರಿಯ ಕರೆಂಟು ಕೊಟ್ಟರೆ ಅದೇ ಬೆಲ್ಟಿನಲ್ಲಿ ಅದು ಇಂಜಿನ್ನನ್ನು ತಿರುಗಿಸುತ್ತದೆ. ಬ್ರೇಕ್ ಒತ್ತಿ ಇಳಿಯುವಾಗ ಬ್ಯಾಟರಿ ತುಂಬಿಸುವುದು, ಏರುವಾಗ ಇಂಜಿನ್ನಿಗೆ ಸ್ವಲ್ಪ ಕೈ ಕೊಡುವುದು, ನಿಂತಲ್ಲಿ ಬಂದ್ ಮಾಡಿ ಮತ್ತೆ ಚಾಲೂ ಮಾಡುವುದು ಅದರ ಕೆಲಸ. ಗೇರುಸೊಪ್ಪೆ ಘಾಟಿ ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯಿಂದ ಗಾಲಿಗೆ ಬಾಣ ಹೋಗುವ ಚಿತ್ರ ಮೂಡುತ್ತದೆ. ಗಾಡಿಗೆ ಅದರಿಂದ ಆಗುವ ಉಪಕಾರಕ್ಕಿಂತ ನೋಡುವ ನಮಗೆ ಆಗುವ ಸಮಾಧಾನ ದೊಡ್ಡದು.

ಈ ಸಮಾಧಾನಕ್ಕೆ ಸಮುದ್ರದ ಒಪ್ಪಿಗೆ ಇರಲಿಲ್ಲ. ನಮ್ಮ ದೇವಸ್ಥಾನವಿರುವ ಕಂದುಕಗಿರಿಯ ಮೂರು ಕಡೆ ನೀರು. ಉಪ್ಪುಗಾಳಿಗೆ 123 ಅಡಿಯ ಶಿವನೇ ಆಗಾಗ ಬಣ್ಣ ಬಳಿಸಿಕೊಳ್ಳಬೇಕಾದ ಊರಿನಲ್ಲಿ ತಗಡಿನ ಗಾಡಿಯ ಪಾಡನ್ನು ಕೇಳಬೇಕೆ? ನಮ್ಮಲ್ಲಿ ಗೇಟಿನ ಬಿಜಾಗರಿ, ಫ್ರಿಜ್ಜಿನ ಬೆನ್ನು, ಕಿಟಕಿಯ ಸರಳು ಎಲ್ಲವೂ ಉದುರುವುದು ಒಂದೇ ಕಾಯಿಲೆಯಿಂದ. ಒಂದು ಮಳೆಗಾಲದ ಆರಂಭದಲ್ಲಿ ಗಾಡಿ ತಾನಾಗಿ ಬಂದ್ ಆಗುವುದನ್ನು ನಿಲ್ಲಿಸಿತು. 'ಎ' ಅಕ್ಷರದ ಸುತ್ತ ಬಾಣವಿರುವ ಚಿಹ್ನೆ ಕಿತ್ತಳೆ ಬಣ್ಣದಲ್ಲಿ ಹತ್ತಿಕೊಂಡು ಕುಳಿತಿತು. ಜೊತೆಗೆ ಬೆಳಗಿನ ಹೊತ್ತು ಬಾನೆಟ್ಟಿನೊಳಗಿಂದ ಕೀಚಲು ಸದ್ದು. ತಳ್ಳುವ ಹುಡುಗರಿಗೆ ಕೆಲಸ ತಪ್ಪಿ ಬೇಜಾರಾಯಿತು.

"ಬಂದ್ ಆಗದಿದ್ರೆ ಒಳ್ಳೇದೇ ಅಲ್ದಾ?" ಎಂದಳು ಹೆಂಡತಿ. ಇಡೀ ಪ್ರಕರಣದಲ್ಲಿ ಯಾರೂ ಇಷ್ಟು ತೂಕದ ಮಾತು ಆಡಲಿಲ್ಲ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ದೀಪ ಇಟ್ಟುಕೊಂಡು ನಿದ್ದೆ ಮಾಡುವ ಜಾತಿ ನನ್ನದಲ್ಲ.

ದೊಡ್ಡ ಊರಿನ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿ ಈಗ ಗಾಡಿಯನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ, ಅದು ಹೇಳಿದ ಕೋಡನ್ನು ಓದುತ್ತಾರೆ. ಟೈ ಕಟ್ಟಿದ ಹುಡುಗ ಓದಿ, "ಐಎಸ್‌ಜಿ ಯೂನಿಟ್ ಪೂರ್ತಿ ಚೇಂಜ್ ಸರ್, ಬ್ಯಾಟರಿನೂ" ಎಂದ. ಹೇಳಿದ ಮೊತ್ತಕ್ಕೆ ನಮ್ಮೂರಿನಲ್ಲಿ ಒಳ್ಳೆಯ ಸ್ಥಿತಿಯ ಸ್ಕೂಟರು ಬರುತ್ತಿತ್ತು. ಆಗಲಿ ಎಂದರೂ ಆಗುವಂತಿರಲಿಲ್ಲ. ಸ್ಟಾಕ್ ಇಲ್ಲ, ಆರ್ಡರ್ ಹಾಕಬೇಕು, ಯಾವಾಗ ಬರುತ್ತದೆ ಎಂದು ಸಿಸ್ಟಮ್ ಹೇಳುತ್ತಿಲ್ಲ. ಕೋಡ್ ಎಂಬುದು ಎಲ್ಲಿ ನೋವು ಎಂದು ಹೇಳುತ್ತದೆಯೇ ಹೊರತು ಯಾಕೆ ನೋವು ಎಂದು ಹೇಳುವುದಿಲ್ಲ. ಇದನ್ನು ಟೈ ಕಟ್ಟಿದವರಿಗೆ ತಿಳಿಸುವ ವಯಸ್ಸು ನನಗೆ ದಾಟಿದೆ.

ಬಿಡಿಭಾಗ ಹುಡುಕುವ ಯೋಗ ಅಲ್ಲಿಂದ ಶುರುವಾಯಿತು. ಬೆಂಗಳೂರಿನ ಜೆ.ಸಿ. ರೋಡಿಗೆ ಭಾವನನ್ನೇ ಅಟ್ಟಿದೆ. ಗಾಡಿ ದಾಟಿಸಿದ ತಪ್ಪಿಗೆ ಅಷ್ಟು ಮಾಡಬೇಕಲ್ಲ. ಅಂಗಡಿಯವರು ಗಾಡಿಯ ಹೆಸರು ಕೇಳಿ ಉತ್ಸಾಹದಿಂದ ಏಳುತ್ತಿದ್ದರಂತೆ. "ಹೈಬ್ರಿಡ್ಡಾ, ಮಾಮೂಲಿಯಾ?" ಎಂದು ಕೇಳಿ, ಉತ್ತರ ಬಂದದ್ದೇ ಮತ್ತೆ ಕೂರುತ್ತಿದ್ದರಂತೆ. ಮಾಮೂಲಿ ಗಾಡಿಯ ಡೈನಮೋ ಒರಿಜಿನಲ್, ಲೋಕಲ್, ಸೆಕೆಂಡ್ಸ್ ಎಂದು ಮೂರು ಬಗೆಯಲ್ಲಿ ಸಿಗುತ್ತದೆ. ಹೈಬ್ರಿಡ್ಡಿನದಕ್ಕೆ ಡುಪ್ಲಿಕೇಟು ಮಾಡುವಷ್ಟು ಮರ್ಯಾದೆಯನ್ನೂ ಯಾರೂ ಕೊಟ್ಟಿರಲಿಲ್ಲ. ಹಳೆಯ ಗಾಡಿಯ ಮಾಲೀಕನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಡುಪ್ಲಿಕೇಟ್ ಸಿಗುವ ತನಕ ಗಾಡಿಗೆ ಸಾವಿಲ್ಲ.

ಬೆಲ್ಟಿನ ವಿಷಯದಲ್ಲಿ ಮಾತ್ರ ದೇವರು ಕಣ್ಣು ಬಿಟ್ಟ. ಬೆಲ್ಟಿನ ಬೆನ್ನ ಮೇಲೆ ಅಚ್ಚಾಗಿರುವ ನಂಬರಿಗೆ ಕಂಪನಿಯ ಹಂಗಿಲ್ಲ. 6ಪಿಕೆ ಎಂದರೆ ಆರು ಗೀರಿನ ಬೆಲ್ಟು. ಮುಂದಿನ ಅಂಕಿ ಮಿಲಿಮೀಟರಿನಲ್ಲಿ ಉದ್ದ. ಜಗತ್ತಿನ ಯಾವ ಮೂಲೆಯಲ್ಲಿ ಕೇಳಿದರೂ ಅದೇ ಅಳತೆ. ಆದರೆ ಐಎಸ್‌ಜಿಯ ಬೆಲ್ಟು ಎರಡೂ ಕಡೆಯ ಎಳೆತ ತಡೆಯಬೇಕಾದ್ದರಿಂದ ಅಳತೆ ಕೂಡಿದರೆ ಸಾಲದು, ಗಟ್ಟಿ ಜಾತಿಯದೇ ಆಗಬೇಕು. ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರಿಗೆ ಈ ಕಷ್ಟ ಹೇಳಿಕೊಂಡೆ. "ಅಷ್ಟೇ ಅಲ್ವಾ ಮಾಸ್ತರೆ? ಮಗ ಶಾರ್ಜಾದಲ್ಲಿದ್ದಾನೆ, ಫೋಟೋ ಕಳಿಸಿ" ಎಂದರು. ಭಟ್ಕಳದವರ ಪಾಲಿಗೆ ಜೆ.ಸಿ. ರೋಡಿಗಿಂತ ಶಾರ್ಜಾ ಹತ್ತಿರ. ಹಳೆ ಗಾಡಿಗಳ ಬಿಡಿಭಾಗಕ್ಕೆ ಅಲ್ಲಿನ ಇಂಡಸ್ಟ್ರಿಯಲ್ ಏರಿಯಾ ಬಹಳ ಹೆಸರಾದ ಜಾಗ. ಮುಂದಿನ ರಜೆಗೆ ಬಂದ ಹುಡುಗನ ಸೂಟ್‌ಕೇಸಿನಲ್ಲಿ ಹಾಲಿನ ಪುಡಿ, ಟ್ಯಾಂಗ್, ಅತ್ತರಿನ ಬಾಟ್ಲಿಗಳ ನಡುವೆ ಸುರುಳಿ ಸುತ್ತಿಕೊಂಡು ನನ್ನ ಬೆಲ್ಟೂ ಬಂತು. ದುಡ್ಡು ಎಷ್ಟೆಂದರೆ ಸಾಹೇಬರು ಹಲ್ವದ ಪೊಟ್ಟಣವನ್ನೂ ಕೈಗಿಟ್ಟರು. ಬೆಲ್ಟು ಹಾಕಿಸಿದ ಮೇಲೆ ಕೀಚಲು ಸದ್ದು ಹೋಯಿತು. ಬಾನೆಟ್ ತೆಗೆದಾಗಲೆಲ್ಲ ಊದಿನ ಪರಿಮಳ. ಕಿತ್ತಳೆ ದೀಪ ಮಾತ್ರ ಅಲ್ಲೇ ಇತ್ತು.

ಈ ನಡುವೆ ಸಲಹೆಗಾರರಿಗೆ ಬರವಿರಲಿಲ್ಲ. ಒಬ್ಬರು ಡೀಸೆಲ್ಲಿನಲ್ಲಿ ನೀರು ಎಂದರು. ಒಬ್ಬರು ಇಲಿ ಎಂದರು. ಶಿರಾಲಿಯ ಬ್ಯಾಟರಿ ಅಂಗಡಿಯವ ಲಾರಿಯ ಬ್ಯಾಟರಿ ಕೂರಿಸಲು ಹೊರಟಿದ್ದ. "ಕರೆಂಟು ಜಾಸ್ತಿಯಾದ್ರೆ ಅಡ್ಡಿಲ್ಲ, ಕಡಿಮೆಯಾಗಬಾರದು" ಎಂಬುದು ಅವನ ಸಿದ್ಧಾಂತ. ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಇಡಗುಂಜಿಯಲ್ಲಿ ಒಂದು ಪೂಜೆ ಕೊಡಿ ಎಂದರು. ಕೊಟ್ಟೆ. ಪಂಚಕಜ್ಜಾಯ ಬಹಳ ಚೆನ್ನಾಗಿತ್ತು.

ಕೊನೆಗೆ ಬಂದವನು ತೆಂಗಿನಗುಂಡಿ ಬಂದರಿನಲ್ಲಿ ಬೋಟುಗಳ ವೈರಿಂಗ್ ಮಾಡುವ ಹುಡುಗ. ನನ್ನ ಹತ್ತಿರ ಕನ್ನಡ ಕಲಿತವನು. ಕರೆಂಟು ಕಲಿತದ್ದು ಸಮುದ್ರದ ಹತ್ತಿರ. ಅವನು ಉಳಿದ ದಿನಗಳಲ್ಲಿ ಕೈಗೆ ಸಿಗುವವನಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿ ಮಾಡಲಿ ಎಂದು ಸರ್ಕಾರ ಕೊಟ್ಟ ಆ 61 ದಿನ ನನ್ನ ಗಾಡಿಗೂ ಒದಗಿತು.

ಅವನು ಸ್ಕ್ಯಾನರ್ ತಂದಿರಲಿಲ್ಲ. ಕಿಸೆಯಲ್ಲಿ ಒಂದು ಮೀಟರು, ಉಪ್ಪುಕಾಗದ, ಚಪ್ಪಟೆ ಡಬ್ಬಿಯಲ್ಲಿ ಗ್ರೀಸು. ಬ್ಯಾಟರಿಯ ಮೈನಸ್ ತುದಿಗೆ ಒಂದು ಕಡ್ಡಿ, ಇಂಜಿನ್ನಿನ ಮೈಗೆ ಇನ್ನೊಂದು ಕಡ್ಡಿ ಹಿಡಿದು, "ಸೆಲ್ಫ್ ಹೊಡೀರಿ ಮಾಸ್ತರೆ" ಎಂದ. ಹೊಡೆದೆ. ಮೀಟರು ನೋಡಿ ನಕ್ಕ.

"ಇಲ್ಲಿ ಅರ್ಧ ವೋಲ್ಟೂ ದಾಟಬಾರದು. ಇದು ಒಂದೂವರೆ ತೋರಿಸ್ತಾ ಉಂಟು. ಅರ್ತಿಂಗ್ ಹೋಗಿದೆ. ಬೋಟಿನಲ್ಲಿ ದಿನಾ ಇದೇ ಕತೆ."

ಇಂಜಿನ್ನಿಗೂ ಬಾಡಿಗೂ ನಡುವಿನ ದಪ್ಪ ವೈರಿನ ತುದಿ ಬಿಚ್ಚಿದ. ಒಳಗೆ ತಾಮ್ರವೆಲ್ಲ ಹಸಿರು ಪುಡಿ. ಹಳೆಯ ಜೀಪಾದರೆ ಒಂದು ವೋಲ್ಟು ಆಚೀಚೆ ಆದದ್ದು ಅದರ ಗಮನಕ್ಕೂ ಬಾರದು. ನಮ್ಮ ಗಾಡಿ ಹಾಗಲ್ಲ, ಬಹಳ ಓದಿಕೊಂಡದ್ದು. ಬ್ಯಾಟರಿಯ ಮೈನಸ್ಸಿನಲ್ಲಿ ಸೆನ್ಸಾರ್ ಕೂರಿಸಿ ಬರುವ ಹೋಗುವ ಕರೆಂಟಿನ ಲೆಕ್ಕ ಬರೆದಿಡುತ್ತದೆ. ದಾರಿಯಲ್ಲಿ ಉಪ್ಪು ಕುಳಿತು ವೋಲ್ಟು ಸೋರಿದರೆ, ತಪ್ಪು ಬ್ಯಾಟರಿಯದೋ ಐಎಸ್‌ಜಿಯದೋ ಎಂದು ವರದಿ ಕೊಡುತ್ತದೆ. ಸ್ಕ್ಯಾನರ್ ಆ ವರದಿಯನ್ನೇ ಓದಿತ್ತು. ಹುಡುಗ ತುದಿಗಳನ್ನು ಉಜ್ಜಿ, ಹೊಸ ವೈರು ಕಟ್ಟಿ, ಗ್ರೀಸು ಮೆತ್ತಿದ. ದೀಪದ ಸಿಟ್ಟು ಅರ್ಧ ಇಳಿಯಿತು: ಎಚ್ಚರಿಕೆ ಹೋಯಿತು, ಬಂದ್ ಆಗುವ ಬುದ್ಧಿ ಮಾತ್ರ ಮರಳಲಿಲ್ಲ.

ಈ ಗಾಡಿ ತಾನಾಗಿ ಬಂದ್ ಆಗಲು ಒಪ್ಪಬೇಕಾದರೆ ಷರತ್ತುಗಳ ಪಟ್ಟಿಯೇ ಇದೆ. ಸೀಟ್ ಬೆಲ್ಟು ಕಟ್ಟಿರಬೇಕು, ಬಾಗಿಲು ಹಾಕಿರಬೇಕು, ಇಂಜಿನ್ನು ಬಿಸಿಯಾಗಿರಬೇಕು, ಏಸಿಗೆ ಆತುರ ಇರಬಾರದು. ಬಾನೆಟ್ಟೂ ಮುಚ್ಚಿರಬೇಕು. ತೆರೆದ ಬಾನೆಟ್ಟಿನೊಳಗೆ ಯಾರಾದರೂ ಕೈ ಹಾಕಿದ್ದಾಗ ಇಂಜಿನ್ನು ತಾನಾಗಿ ತಿರುಗಿದರೆ ಬೆರಳು ಹೋದೀತು ಎಂಬ ಕಾಳಜಿ. ಅದನ್ನು ಅರಿಯಲು ಬಾನೆಟ್ ಲಾಕಿನ ಪಕ್ಕ ಕಡಲೆಕಾಳಿನಷ್ಟು ಸ್ವಿಚ್ಚು. ಹುಡುಗ ಅದನ್ನು ಬೆರಳಲ್ಲಿ ಒತ್ತಿದ. ಅಲುಗಲಿಲ್ಲ. ತುಕ್ಕು ಹಿಡಿದು ಕಲ್ಲಾಗಿತ್ತು.

"ನೀವು ಬಾನೆಟ್ ತೆಗೆದಿಟ್ಟೇ ಭಟ್ಕಳ, ಹೊನ್ನಾವರ ಸುತ್ತುತ್ತೀರಿ ಅಂತ ಇದರ ಲೆಕ್ಕ" ಎಂದ.

ಸ್ವಿಚ್ಚು ಬಿಡಿಯಾಗಿ ಸಿಗುವುದಿಲ್ಲ, ಲಾಕಿನ ಸಮೇತವೇ ಬರುತ್ತದೆ. ಹುಬ್ಬಳ್ಳಿಯ ಗುಜರಿಗೆ ಫೋನು ಮಾಡಿದೆ. ಅಲ್ಲಿಂದ ಬಂದ ಉತ್ತರ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಸಿಗದು: "ಗುಜರಿಗೆ ಬರೋ ಗಾಡಿ ಎಲ್ಲಾ ಮುಂದ್ಗಡೆ ಗುದ್ದಿರ್ತಾವ್ರೀ ಸರ. ಬಾನೆಟ್ ಲಾಕ್ ಎಲ್ಲಿ ಉಳಿತೈತಿ? ಡಿಕ್ಕಿ ಲಾಕ್ ಬೇಕಾದ್ರ ಹೇಳ್ರಿ, ಹತ್ತ್ ಕೊಡ್ತೀನಿ." ಜಗತ್ತಿನಲ್ಲೆಲ್ಲೋ ಒಬ್ಬ ಪುಣ್ಯಾತ್ಮನಿಗೆ ಲಾರಿ ಹಿಂದಿನಿಂದ ಗುದ್ದುವ ತನಕ ಕಾಯಬೇಕಾಯಿತು. ಹಾಗೆ ಬಯಸುವುದು ಒಳ್ಳೆಯದಲ್ಲವೆಂದು ತಿಳಿದೂ ಹುಬ್ಬಳ್ಳಿಯ ಫೋನು ಬಂದಾಗಲೆಲ್ಲ ಕಿವಿ ನೆಟ್ಟಗಾಗುತ್ತಿತ್ತು. ಕಡೆಗೆ ಒಂದು ಸಿಕ್ಕಿತು, ಭಟ್ಕಳದ ಬಸ್ಸಿನಲ್ಲಿ ಪಾರ್ಸೆಲ್ ಹೊರಟಿತು. ಕಂಡಕ್ಟರಿಗೆ ನಮ್ಮೂರಿನ ಕ್ರಾಸಿನಲ್ಲಿ ಕೊಡಲು ನೆನಪಾಗಲಿಲ್ಲ. ಲಾಕು ನಮ್ಮನ್ನು ದಾಟಿ ಭಟ್ಕಳ ನೋಡಿಕೊಂಡು, ಮರುದಿನ ವಾಪಸ್ ಬರುವ ಬಸ್ಸಿಗೆ ಬಂತು.

ಅದನ್ನು ಕೂರಿಸಿದ ಸಂಜೆ ದೇವಸ್ಥಾನದ ದಾರಿಯಲ್ಲಿ ಹೊರಟೆವು. ದನವೊಂದು ಗೋಪುರದ ಕಡೆ ಮುಖ ಮಾಡಿ ರಸ್ತೆಯ ನಡುವೆ ಮಲಗಿತ್ತು. ಇಂಜಿನ್ನು ಮೆಲ್ಲಗೆ ಬಂದ್ ಆಯಿತು, ಹಸಿರು ಚಿಹ್ನೆ ಹೊತ್ತಿತು. ನನ್ನ ಕಣ್ಣಲ್ಲಿ ನೀರು. ಹೆಂಡತಿ, "ಏಸಿ ಹೋಯ್ತಲ್ರೀ" ಎಂದಳು. ಹಿಂದಿನಿಂದ ಹುಡುಗರು ಓಡಿ ಬರುವ ಸದ್ದು ಕೇಳಿಸಿತು.

ಹೈಬ್ರಿಡ್ಡಿನಿಂದ ಉಳಿದ ಡೀಸೆಲ್ಲನ್ನೂ, ಹೈಬ್ರಿಡ್ಡನ್ನು ಉಳಿಸಿಕೊಳ್ಳಲು ಓಡಾಡಿ ಸುಟ್ಟ ಡೀಸೆಲ್ಲನ್ನೂ ಹೋಲಿಸಿ ನೋಡುವ ಕೆಟ್ಟ ಬುದ್ಧಿ ನನಗಿಲ್ಲ. ಲಾಭ ಬೇರೆ ಕಡೆ ಆಗಿದೆ. ಈ ಗಾಡಿಯ ಬಗ್ಗೆ ಕರಾವಳಿಯಲ್ಲಿ ಕೇಳಬೇಕಾದವನು ನಾನೇ ಎಂಬ ಸುದ್ದಿ ಹೇಗೋ ಹಬ್ಬಿದೆ. ಬೆಲ್ಟಿನ ನಂಬರು, ಸಾಹೇಬರ ಅಂಗಡಿಯ ದಾರಿ, ಗುಜರಿಯವನ ಫೋನು ಎಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ. ಕೇಳಿದವರಿಗೆ ಚಹಾ ಕೊಟ್ಟು ವಿವರಿಸುತ್ತೇನೆ. ಮೊನ್ನೆ ಕುಮಟಾದಿಂದ ಒಬ್ಬರು ಫೋನು ಮಾಡಿದರು. ಅವರದ್ದೂ ಇದೇ ಗಾಡಿ, ಇದೇ ಬಣ್ಣ. ಅರ್ತಿಂಗಿನಿಂದ ಹಿಡಿದು ಬಾನೆಟ್ ಸ್ವಿಚ್ಚಿನ ತನಕ ತಾಳ್ಮೆಯಿಂದ ಕೇಳಿಸಿಕೊಂಡು, "ನಿಮ್ಮದು ಈಗ ಎಲ್ಲಾ ಸರಿ ಉಂಟಾ ಮಾಸ್ತರೆ?" ಎಂದರು.

"ಎಲ್ಲಾ ಸರಿ. ಹೊಸದರ ಹಾಗೆ" ಎಂದೆ ಹೆಮ್ಮೆಯಿಂದ.

"ಹಾಗಾದ್ರೆ ಕೊಡುವ ಯೋಚನೆ ಬಂದ್ರೆ ಮೊದ್ಲು ನಂಗೆ ಹೇಳಿ."

"ಓಡಿಸ್ಲಿಕ್ಕಾ?"

"ಛೇ, ಅಲ್ಲ. ಬಿಚ್ಚಲಿಕ್ಕೆ."

ಫೋನಿಟ್ಟು ಸುಮ್ಮನೆ ಕುಳಿತೆ. ಒಳಗಿನಿಂದ ಹೆಂಡತಿ ಕೇಳಿದಳು: "ರೇಟು ಎಷ್ಟು ಹೇಳಿದ್ರು?"