ತೋಟಾಮೀಮಾಂಸೆ

ಆನೆ, ಕಾಡೆಮ್ಮೆಗಳಂಥ ದೊಡ್ಡ ಮಿಕಕ್ಕೆ ಯಾವ ತೋಟಾ ತಕ್ಕುದೆಂಬ ವಿಚಾರವೇ ತೋಟಾಮೀಮಾಂಸೆ. ಕೋವಿ ಹೆಗಲಿಗೇರಿಸದೆಯೂ ರಾತ್ರಿಯಿಡೀ ವಾದಿಸಬಲ್ಲವನು ಈ ಶಾಸ್ತ್ರಕ್ಕೆ ಅಧಿಕಾರಿ. ಪ್ರಯೋಜನ, ವಾದವೇ. ಮಿಕದ ಅಭಿಪ್ರಾಯವನ್ನು ಪ್ರಮಾಣವೆಂದು ಒಪ್ಪುವ ಸಂಪ್ರದಾಯವಿಲ್ಲ.

ಇಲ್ಲಿ ಎರಡು ಮತಗಳು. ಗುಂಡು ದಪ್ಪಗೆ, ಭಾರವಾಗಿರಬೇಕೆನ್ನುವುದು ಗುರುಪಕ್ಷ. ಸಣ್ಣದಾದರೂ ವೇಗವಿರಬೇಕೆನ್ನುವುದು ಲಘುಪಕ್ಷ. ಅಮೆರಿಕದಲ್ಲಿ ಮೊದಲನೆಯದಕ್ಕೆ ಎಲ್ಮರ್ ಕೀತ್ ಆಚಾರ್ಯ. ಎರಡನೆಯದಕ್ಕೆ, 1925ರಲ್ಲಿ ಬಂದ .270 ವಿಂಚೆಸ್ಟರ್ ತೋಟಾದ ಪರಮಭಕ್ತ ಜ್ಯಾಕ್ ಓಕಾನರ್. ಇಬ್ಬರೂ ಪತ್ರಿಕೆಗಳಲ್ಲಿ ದಶಕಗಳ ಕಾಲ ಕಾದಾಡಿದರು. ಎಲ್ಕ್ ಜಿಂಕೆಗಳು ಮಾತ್ರ ಮತಭೇದವೆಣಿಸದೆ ಇಬ್ಬರ ಗುಂಡಿಗೂ ಬಿದ್ದವು.

ಗುರುಪಕ್ಷಕ್ಕೆ ಗಣಿತ ಒದಗಿಸಿದವನು ಆಫ್ರಿಕದ ಬೇಟೆಗಾರ ಜಾನ್ ಟೇಲರ್. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿಯೆಂದು, ವ್ಯಾಸವನ್ನು ಅಂಗುಲದಲ್ಲಿ ಹಿಡಿದು, ಮೂರನ್ನೂ ಗುಣಿಸಿ 7000ದಿಂದ ಭಾಗಿಸಿದರೆ ಗುಂಡಿನ ಕೆಡಹುಬಲ ಸಿಗುತ್ತದೆ. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್‌ನ 300 ಗ್ರೇನ್ ಗುಂಡಿಗೆ ಇದು ಸುಮಾರು 40. ಗಂಟೆಗೆ 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿಗೆ ಇದೇ ಲೆಕ್ಕ ಹಚ್ಚಿದರೆ ಉತ್ತರ 120 ದಾಟುತ್ತದೆ. ಆ ಪ್ರಕಾರ ಮೈಸೂರಿನ ಜಾವಗಲ್ ಶ್ರೀನಾಥ್ ಒಂದೇ ಓವರಿನಲ್ಲಿ ಆರು ಕಾಡೆಮ್ಮೆಗಳನ್ನು ಮಲಗಿಸಬಲ್ಲರು. ಅವರೆದುರು ಆಡಿದ ಬ್ಯಾಟ್ಸ್‌ಮನ್ನರು ಹೇಗೆ ಮನೆ ಸೇರಿದರೆಂಬ ಶಂಕೆಗೆ ಸೂತ್ರದಲ್ಲಿ ಸಮಾಧಾನವಿಲ್ಲ.

ಲಘುಪಕ್ಷದ ದೃಷ್ಟಾಂತ, ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್. ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಈತ ಬಹುಪಾಲನ್ನು ಕೆಡವಿದ್ದು ಜಿಂಕೆಗೆ ಸಾಕೆನ್ನುವ 7 ಮಿ.ಮೀ. ತೋಟಾದಿಂದ. ಸತ್ತ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಂಡಿದ್ದ. ಗುರಿ ಕಲಿಯುವುದು ಶಾಸ್ತ್ರಸಮ್ಮತ ಮಾರ್ಗವಲ್ಲವಾದ್ದರಿಂದ ಬೆಲ್‌ನನ್ನು ಅಪವಾದವೆಂದು ಬದಿಗಿಡುವುದು ವಾಡಿಕೆ.

ಗುರುಪಕ್ಷಕ್ಕಿರುವ ಏಕೈಕ ಬಾಧಕ, ಒದೆತ. ತೋಟಾ ಬೆಳೆದಷ್ಟೂ ಕೋವಿ ಹೆಗಲಿಗೆ ಒದೆಯುತ್ತದೆ. ಒದೆತಕ್ಕೆ ಅಂಜಿದವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಪೆಟ್ಟು ತಿಂದದ್ದು ತಾನೊಬ್ಬನೇ ಎಂದು ಆಮೇಲೆ ತಿಳಿಯುತ್ತದೆ.

ಈ ಶಾಸ್ತ್ರದಲ್ಲಿ ಸರ್ಕಾರಗಳೂ ಕೈಯಾಡಿಸಿವೆ. ದಂಗೆಕೋರರ ಕೈಗೆ ಸಿಕ್ಕೀತೆಂದು ಬ್ರಿಟಿಷರು ಭಾರತದಲ್ಲಿ .450 ತೋಟಾ ನಿಷೇಧಿಸಿದಾಗ ತಯಾರಕರು .465, .470 ಎಂದು ಹೊಸ ತೋಟಾಗಳನ್ನೇ ಹೊಸೆದರು. ಹೆಚ್ಚೆಂದರೆ ಸುಮಾರು ಅರ್ಧ ಮಿಲಿಮೀಟರಿನ ಈ ಹಿಗ್ಗು ಆನೆಗಳ ಗಮನಕ್ಕೆ ಬಂದಂತಿಲ್ಲ. ಆಫ್ರಿಕದ ಹಲವು ದೇಶಗಳ ಕಾನೂನು ಆನೆಗೆ .375ಕ್ಕಿಂತ ಕಿರಿದನ್ನು ಒಪ್ಪುವುದಿಲ್ಲ. ಬೆಲ್ ಇಂದು ಅಲ್ಲಿದ್ದರೆ ಜೈಲು ಖಚಿತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ನಂತರ ಭಾರತದಲ್ಲಿ ಈ ಶಾಸ್ತ್ರದ ಪ್ರಯೋಗಭಾಗ ಲೋಪವಾಗಿದ್ದು, ವಾದಭಾಗ ಮಾತ್ರ ಚಾಲ್ತಿಯಲ್ಲಿದೆ.