ಕವರ್ ಸಂಬಳ: ಬಳಕೆದಾರರ ಕೈಪಿಡಿ

ಕೆಲಸಕ್ಕೆ ಸೇರಿದ್ದಕ್ಕೆ ಅಭಿನಂದನೆ. ಚಿಕ್ಕಪೇಟೆಯ ಸೀರೆ ಅಂಗಡಿಯಾಗಲಿ, ಪೀಣ್ಯದ ಲೇತ್ ಶೆಡ್ಡಾಗಲಿ, ಈ ಕೈಪಿಡಿ ಬದಲಾಗುವುದಿಲ್ಲ.

ಜೋಡಣೆ: ಸಾಹುಕಾರರು ‘ಪಿಎಫ್ ಹಿಡೀಲಾ, ಕೈಗೆ ಕೊಡ್ಲಾ?’ ಅನ್ನುತ್ತಾರೆ. ಆತುರ ಬೇಡ, ಮೊಬೈಲಿನಲ್ಲಿ ಲೆಕ್ಕ ಹಾಕಿ. ಸಂಬಳ 18,000, ಅದರಲ್ಲಿ ಮೂಲ ವೇತನ 15,000 ಅಂದುಕೊಳ್ಳಿ. ಪಿಎಫ್ ಶೇ. 12ರಂತೆ 1,800 ಹೋಯಿತು, ಇಎಸ್‌ಐ ಶೇ. 0.75ರಂತೆ 135. ಕೈಗೆ 16,065. ‘ರಿಜಿಸ್ಟರ್ ರಗಳೆ ಯಾಕೆ, 17,000 ಕ್ಯಾಶ್ ಕವರಲ್ಲಿ ತಗೋ’ ಎಂದರೆ ನಿಮಗೆ 935 ರೂಪಾಯಿ ಲಾಭ. ಪಿಜಿ ಬಾಡಿಗೆ ಕಟ್ಟಿ ಊರಿಗೂ ಕಳಿಸುವವನಿಗೆ ಅದು ಸಣ್ಣ ದುಡ್ಡಲ್ಲ. ಸಾಹುಕಾರರ ಲಾಭ ಲೆಕ್ಕ ಹಾಕುವುದು ಕಡ್ಡಾಯವೇನಲ್ಲ: ಸಂಬಳದಲ್ಲಿ 1,000, ಅವರ ಪಾಲಿನ ಪಿಎಫ್ 1,800, ಇಎಸ್‌ಐ ಶೇ. 3.25ರಂತೆ 585. ಒಟ್ಟು 3,385.

‘ಈಗಿನ ಹುಡುಗರಿಗೆ ನಾಳಿನ ಚಿಂತೆಯಿಲ್ಲ’ ಎನ್ನುವ ಹಿರಿಯರು ಸಿಕ್ಕರೆ, 2016ರ ಏಪ್ರಿಲ್ ನೆನಪಿಸಿ. ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಅವರು ಪಿಎಫ್ ಬೇಡ ಅನ್ನಲಿಲ್ಲ. ಬೇಕಾದಾಗ ಸಿಗಲಿ ಅಂದರು. ವರ್ಷಕ್ಕೆರಡು ಅಂಗಡಿ ಬದಲಿಸುವ, ಆಧಾರ್‌ನಲ್ಲೊಂದು ಇನಿಷಿಯಲ್ ಪಿಎಫ್‌ನಲ್ಲೊಂದು ಇನಿಷಿಯಲ್ ಇರುವ ಹುಡುಗನಿಗೆ ಹತ್ತು ವರ್ಷ ಸರ್ವೀಸಾದ ಮೇಲಿನ ಪಿಂಚಣಿಯ ಮಾತು ಕಿವಿಗೆ ಬೀಳುವುದು ಕಷ್ಟ. ದಡ್ಡತನ ಅವನದಲ್ಲ ಅಂತಲೇ ನನ್ನ ಅನಿಸಿಕೆ.

ಎಚ್ಚರಿಕೆ: ಅಂಗಡಿಯಲ್ಲಿ ತಲೆ ಎಣಿಸಬೇಡಿ. ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಪುಸ್ತಕದಲ್ಲಿ ಅಷ್ಟು ಜನ ಎಂದೂ ಆಗುವುದಿಲ್ಲ. ಇನ್‌ಸ್ಪೆಕ್ಟರ್ ಬಂದರೆ ನೀವು ಗಿರಾಕಿ. ಮಡಚುತ್ತಿದ್ದ ಸೀರೆಯನ್ನು ಬಿಚ್ಚಿ, ಬಾರ್ಡರ್ ಸಣ್ಣದಾಯಿತು ಅನ್ನಿ.

ಫೋನ್‌ಪೇ ಮಾದರಿ: ಸಂಬಳ ಸಾಹುಕಾರರ ಭಾಮೈದನ ನಂಬರಿನಿಂದ ಬರುತ್ತದೆ. ಉಳಿದೆಲ್ಲ ಮೇಲಿನಂತೆಯೇ.

ದೋಷ ನಿವಾರಣೆ:

ಬೈಕ್ ಲೋನಿಗೆ ಸ್ಯಾಲರಿ ಸ್ಲಿಪ್ ಕೇಳಿದರೆ: ಸಾಹುಕಾರರ ಹತ್ತಿರವೇ ಸಾಲ ಕೇಳಿ. ಕೊಡುತ್ತಾರೆ. ಅದು ತೀರುವ ತನಕ ಬೇರೆ ಅಂಗಡಿಯ ಮಾತೆತ್ತುವಂತಿಲ್ಲ.

ಕವರ್ ತೆಳ್ಳಗಿದ್ದರೆ: ಎಷ್ಟು ಇರಬೇಕಿತ್ತು ಎಂದು ಎಲ್ಲೂ ಬರೆದಿಲ್ಲವಾದ್ದರಿಂದ, ಇದ್ದಷ್ಟೇ ಸರಿ.

ಲೇತಿಗೆ ಬೆರಳು ಸಿಕ್ಕರೆ: ಇಎಸ್‌ಐ ಕಾರ್ಡಿದ್ದವನಿಗೆ ಸೇರಿದ ಮೊದಲ ದಿನದಿಂದಲೇ ಚಿಕಿತ್ಸೆ, ಮನೆಯಲ್ಲಿ ಮಲಗಿದ ದಿನಗಳಿಗೆ ಕೂಲಿಯ ಶೇ. 90. ಕವರ್ ಗ್ರಾಹಕರಿಗೆ ಆಟೊ ಚಾರ್ಜ್ ಲಭ್ಯ. ರಸೀದಿ ತರುವುದು.